ನೆಟ್‌ವರ್ಕ್ ಒಳಗಿನ ಓಡಾಟ ಕಣ್ಣಿಗೆ ಕಾಣುವುದು ಹೇಗೆ?

ವಿಡಿಯೊ ಕಾಲ್ ನಡುವೆ ಎದುರಿನವರ ಮುಖ ಹಾಗೇ ನಿಂತುಬಿಡುತ್ತದೆ. ದನಿ ತುಂಡು ತುಂಡಾಗುತ್ತದೆ. ಹತ್ತು ಹದಿನೈದು ಸೆಕೆಂಡ್ ಕಳೆದ ಮೇಲೆ ಏನೂ ಆಗಿಲ್ಲವೇನೋ ಅನ್ನುವಂತೆ ಮತ್ತೆ ಸರಿಹೋಗುತ್ತದೆ. ಸ್ಪೀಡ್ ಟೆಸ್ಟ್ ಮಾಡಿದರೆ ವೇಗ ಸರಿಯಾಗೇ ಇದೆ. ಇಂಟರ್‌ನೆಟ್ ಕೊಡುವವರನ್ನು ಕೇಳಿದರೆ "ನಮ್ಮ ಗ್ರಾಫ್‌ನಲ್ಲಿ ತೊಂದರೆ ಏನೂ ಕಾಣುತ್ತಿಲ್ಲ" ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ನೀವೂ ಹೇಳುತ್ತಿಲ್ಲ. ಕಾಲ್ ಕೈಕೊಟ್ಟದ್ದೂ ನಿಜ, ಆ ಗ್ರಾಫ್‌ನಲ್ಲಿ ಅದು ಕಾಣದಿರುವುದೂ ನಿಜ.

ಎರಡೂ ಒಟ್ಟಿಗೆ ನಿಜವಾಗುವುದು ಹೇಗೆ? ಇದು ಅರ್ಥವಾದರೆ ನೆಟ್‌ವರ್ಕ್ ಟ್ರಾಫಿಕ್ ತೋರಿಸುವ ಸಾಫ್ಟ್‌ವೇರ್‌ಗಳು ಹೇಗೆ ಕೆಲಸ ಮಾಡುತ್ತವೆ ಅನ್ನುವುದು ಮುಕ್ಕಾಲು ಪಾಲು ಅರ್ಥವಾದ ಹಾಗೆ.

ನಲ್ಲಿ ಸೋರಿದರೆ ನೆಲ ಒದ್ದೆಯಾಗುತ್ತದೆ. ಗಾಡಿಯಲ್ಲಿ ದೋಷವಿದ್ದರೆ ಸದ್ದು ಬರುತ್ತದೆ. ನೆಟ್‌ವರ್ಕ್‌ನಲ್ಲಿ ಮಾತ್ರ ಹೊರಗೆ ಏನೂ ಕಾಣುವುದಿಲ್ಲ, ಕೇಳುವುದಿಲ್ಲ. ಈಗ ಫೋನ್, ಟಿವಿ, ಕ್ಯಾಮೆರಾ, ಬಲ್ಬ್ ಎಲ್ಲವೂ ಒಂದೇ ರೂಟರ್‌ಗೆ ಜೋತುಬಿದ್ದಿವೆ. ಯಾವುದು ಯಾರ ಜೊತೆ ಮಾತಾಡುತ್ತಿದೆ ಅಂತ ತಿಳಿಯುವುದು ಎಂಜಿನಿಯರುಗಳಿಗೆ ಮಾತ್ರ ಬೇಕಾದ ವಿಷಯವಾಗಿ ಉಳಿದಿಲ್ಲ.

## ಅಲ್ಲಿ ಓಡಾಡುತ್ತಿರುವುದು ಏನು?

ನೀವು ಒಂದು ಫೋಟೊ ಕಳಿಸಿದರೆ ಅದು ಇಡಿಯಾಗಿ ಹೋಗುವುದಿಲ್ಲ. ಸಣ್ಣ ಸಣ್ಣ ತುಂಡುಗಳಾಗಿ ಹೋಗುತ್ತದೆ. ಒಂದೊಂದು ತುಂಡಿಗೂ ಪ್ಯಾಕೆಟ್ ಎಂದು ಹೆಸರು. ಸಾಮಾನ್ಯ ನೆಟ್‌ವರ್ಕ್‌ಗಳಲ್ಲಿ ಒಂದು ಪ್ಯಾಕೆಟ್ ಹೆಚ್ಚೆಂದರೆ 1500 ಬೈಟ್ ಇರುತ್ತದೆ. 3 ಎಂಬಿ ಫೋಟೊ ಅಂದರೆ ಸುಮಾರು ಎರಡು ಸಾವಿರ ಪ್ಯಾಕೆಟ್.

ದಪ್ಪ ಪುಸ್ತಕವೊಂದನ್ನು ಹಾಳೆ ಹಾಳೆಯಾಗಿ ಬಿಡಿಸಿ, ಒಂದೊಂದು ಹಾಳೆಯನ್ನೂ ಬೇರೆ ಬೇರೆ ಲಕೋಟೆಯಲ್ಲಿ ಅಂಚೆಗೆ ಹಾಕಿದಂತೆ ಇದು. ಲಕೋಟೆಯ ಮೇಲೆ ಕಳಿಸಿದವರ ವಿಳಾಸ, ತಲುಪಬೇಕಾದವರ ವಿಳಾಸ, ಹಾಳೆಯ ಕ್ರಮಸಂಖ್ಯೆ ಎಲ್ಲ ಬರೆದಿರುತ್ತದೆ. ಈ ಮೇಲ್ಬರಹವೇ ಹೆಡರ್. ವಿಳಾಸವೇ ಐಪಿ ಅಡ್ರೆಸ್.

ವಿಳಾಸದ ಜೊತೆ ಪೋರ್ಟ್ ಅನ್ನುವ ಇನ್ನೊಂದು ಸಂಖ್ಯೆ ಇರುತ್ತದೆ. ಐಪಿ ಅಡ್ರೆಸ್ ಕಟ್ಟಡದ ವಿಳಾಸವಾದರೆ ಪೋರ್ಟ್ ಒಳಗಿನ ಕೋಣೆಯ ನಂಬರು. ಈ ನಂಬರು 65,535ರವರೆಗೆ ಹೋಗುತ್ತದೆ. ಬ್ರೌಸರ್ ಸುರಕ್ಷಿತ ವೆಬ್‌ಸೈಟ್ ತೆರೆಯುವಾಗ ಸಾಮಾನ್ಯವಾಗಿ ತಟ್ಟುವುದು 443ನೇ ಬಾಗಿಲು. ವೆಬ್‌ಸೈಟ್ ಹೆಸರು ಕೊಟ್ಟು ಅದರ ಐಪಿ ಅಡ್ರೆಸ್ ಕೇಳುವುದು 53ನೇ ಬಾಗಿಲಿನಲ್ಲಿ. ಹೆಸರಿನಿಂದ ವಿಳಾಸ ಹುಡುಕಿಕೊಡುವ ಈ ವ್ಯವಸ್ಥೆಯೇ ಡಿಎನ್‌ಎಸ್.

ಹೀಗಾಗಿ ಪ್ಯಾಕೆಟ್ ಒಳಗೆ ಏನಿದೆ ಅಂತ ನೋಡದಿದ್ದರೂ ಲಕೋಟೆಯ ಮೇಲಿನ ಬರಹದಿಂದಲೇ ಬಹಳ ವಿಷಯ ತಿಳಿಯುತ್ತದೆ. ಟ್ರಾಫಿಕ್ ತೋರಿಸುವ ಬಹುಪಾಲು ಚಿತ್ರಗಳು ಹುಟ್ಟುವುದು ಈ ಮೇಲ್ಬರಹದಿಂದಲೇ.

## ಚಿತ್ರವೇ ಯಾಕೆ? ಪಟ್ಟಿ ಸಾಲದೇ?

100 ಎಂಬಿಪಿಎಸ್ ಸಂಪರ್ಕ ಪೂರ್ತಿ ತುಂಬಿ ಹರಿದರೆ ಸೆಕೆಂಡಿಗೆ ಸುಮಾರು 8 ಸಾವಿರ ದೊಡ್ಡ ಪ್ಯಾಕೆಟ್ ದಾಟಿಹೋಗುತ್ತವೆ. ಒಂದು ನಿಮಿಷದ ಪಟ್ಟಿ ಅಂದರೆ ನಾಲ್ಕೂವರೆ ಲಕ್ಷಕ್ಕಿಂತ ಜಾಸ್ತಿ ಸಾಲು. ಯಾರು ಕೂತು ಓದುತ್ತಾರೆ?

ಹಾಗಾದರೆ ಸರಾಸರಿ ತೆಗೆದುಬಿಟ್ಟರೆ ಆಗುವುದಿಲ್ಲವೇ? ಇದಕ್ಕೆ ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್ಸ್‌ಕೂಂಬ್ 1973ರಲ್ಲಿ ಚೆಂದದ ಉತ್ತರ ಕೊಟ್ಟರು. ಅವರು ಅಂಕಿಗಳ ನಾಲ್ಕು ಗುಂಪು ಮಾಡಿದರು. ಒಂದೊಂದರಲ್ಲೂ 11 ಜೋಡಿ ಅಂಕಿ. ನಾಲ್ಕರಲ್ಲೂ ಜೋಡಿಯ ಮೊದಲ ಅಂಕಿಗಳ ಸರಾಸರಿ 9, ಎರಡನೆಯವುಗಳ ಸರಾಸರಿ ಹೆಚ್ಚುಕಡಿಮೆ 7.5. ಉಳಿದ ಲೆಕ್ಕಗಳೂ ಒಂದಕ್ಕೊಂದು ಹೊಂದುತ್ತವೆ. ಅವನ್ನೇ ಗ್ರಾಫ್ ಕಾಗದದ ಮೇಲೆ ಚುಕ್ಕಿಯಾಗಿ ಇಟ್ಟರೆ? ಒಂದು ಗುಂಪು ಓರೆ ಗೆರೆಯ ಆಚೀಚೆ ಚದುರಿದೆ. ಇನ್ನೊಂದು ಬಿಲ್ಲಿನಂತೆ ಬಾಗಿದೆ. ಮೂರನೆಯದು ನೆಟ್ಟಗಿನ ಗೆರೆ, ಒಂದು ಚುಕ್ಕಿ ಮಾತ್ರ ದಾರಿ ತಪ್ಪಿದೆ. ನಾಲ್ಕನೆಯದರಲ್ಲಿ ಹತ್ತು ಚುಕ್ಕಿ ಒಂದರ ಮೇಲೊಂದು ಕಂಬದಂತೆ ನಿಂತಿವೆ, ಹನ್ನೊಂದನೆಯದು ದೂರದಲ್ಲಿ ಒಂಟಿ. ಲೆಕ್ಕಕ್ಕೆ ನಾಲ್ಕೂ ಒಂದೇ, ಕಣ್ಣಿಗೆ ನಾಲ್ಕೂ ಬೇರೆ.

ದಾರಿ ತಪ್ಪಿದ ಆ ಒಂದು ಚುಕ್ಕಿಯನ್ನು ಕಣ್ಣು ಕ್ಷಣದಲ್ಲಿ ಹಿಡಿಯುತ್ತದೆ. ನೆಟ್‌ವರ್ಕ್‌ನಲ್ಲಿ ನಾವು ಹುಡುಕುವುದೂ ಅಂಥದ್ದನ್ನೇ.

## ದೂರದ ನೋಟ: ಎಷ್ಟು ಹರಿಯಿತು?

ಒಂದು ಹೆದ್ದಾರಿಯನ್ನು ಗುಡ್ಡದ ಮೇಲಿಂದ ನೋಡಬಹುದು. ಚೆಕ್‌ಪೋಸ್ಟ್‌ನಲ್ಲಿ ನಿಂತು ಬಂದುಹೋದ ಗಾಡಿಗಳನ್ನು ಬರೆದುಕೊಳ್ಳಬಹುದು. ಒಂದು ಗಾಡಿಯನ್ನು ನಿಲ್ಲಿಸಿ ಒಳಗೆ ಇಣುಕಲೂಬಹುದು. ನೆಟ್‌ವರ್ಕ್ ನೋಡುವ ಸಾಫ್ಟ್‌ವೇರ್‌ಗಳೂ ಇದೇ ಮೂರು ದೂರಗಳಲ್ಲಿ ನಿಲ್ಲುತ್ತವೆ. ಮೊದಲು ಗುಡ್ಡದ ಮೇಲಿನದ್ದು.

1994ರಲ್ಲಿ ಟೋಬಿಯಾಸ್ ಊಟಿಕರ್ ಎಂಬುವರು ಇಂಗ್ಲೆಂಡಿನ ಲೆಸ್ಟರ್‌ನಲ್ಲಿರುವ ಡಿ ಮಾಂಟ್‌ಫರ್ಟ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುತ್ತಿದ್ದರು. ಅಲ್ಲಿ ಎಲ್ಲರಿಗೂ ಸೇರಿ ಹೊರಜಗತ್ತಿಗೆ ಇದ್ದದ್ದು 64 ಕಿಲೋಬಿಟ್‌ನ ಒಂದೇ ಒಂದು ಲೈನ್. ಅದು ಎಷ್ಟು ತುಂಬಿದೆ ಅಂತ ಎಲ್ಲರಿಗೂ ಕುತೂಹಲ. ಅವರು ಸಣ್ಣದೊಂದು ಪ್ರೋಗ್ರಾಂ ಬರೆದರು. ಅದು 5 ನಿಮಿಷಕ್ಕೊಮ್ಮೆ ರೂಟರನ್ನು ಕೇಳಿ ಗ್ರಾಫ್ ಬರೆಯುತ್ತಿತ್ತು. ಅದೇ ಎಂಆರ್‌ಟಿಜಿ. ಒಳಗೆ ಬಂದದ್ದು ಹಸಿರು, ಹೊರಗೆ ಹೋದದ್ದು ನೀಲಿ. ಒಂದು ದಿನದ್ದು, ವಾರದ್ದು, ತಿಂಗಳದ್ದು, ವರ್ಷದ್ದು ಹೀಗೆ ನಾಲ್ಕು ಚಿತ್ರ. ಜಗತ್ತಿನ ಎಷ್ಟೋ ಕಡೆ ನೆಟ್‌ವರ್ಕ್ ನೋಡಿಕೊಳ್ಳುವವರು ಬೆಳಗ್ಗೆ ಬಂದ ಕೂಡಲೇ ತೆರೆಯುತ್ತಿದ್ದದ್ದು ಈ ಪುಟವನ್ನೇ. ಇದರ ಮುಂದುವರಿಕೆಯಾಗಿ 1999ರಲ್ಲಿ ಅವರೇ, ಇಂಥ ಅಂಕಿಗಳನ್ನು ಕೂಡಿಟ್ಟು ಗ್ರಾಫ್ ಬರೆಯುವ ಆರ್‌ಆರ್‌ಡಿಟೂಲ್ ಹೊರತಂದರು. ಇವತ್ತು ಇದೇ ಬಗೆಯ ಗ್ರಾಫ್‌ಗಳನ್ನು ಗ್ರಫಾನಾದಂಥ ಸಾಫ್ಟ್‌ವೇರ್‌ನಲ್ಲಿ ನೋಡುತ್ತೇವೆ.

ರೂಟರ್ ಹೇಳುವುದು ಏನನ್ನು? ಗಾಡಿಯ ಕಿಲೋಮೀಟರ್ ಮೀಟರ್ ಇರುತ್ತದಲ್ಲ, ಅಂಥದ್ದೇ ಒಂದು ಎಣಿಕೆ ರೂಟರ್ ಒಳಗೂ ಇರುತ್ತದೆ. ಇದುವರೆಗೆ ಒಟ್ಟು ಎಷ್ಟು ಬೈಟ್ ದಾಟಿತು ಅಂತ ಅದು ಏರುತ್ತಲೇ ಹೋಗುತ್ತದೆ. ಆಗಿನ ಅಂಕಿಯನ್ನು ಈಗಿನ ಅಂಕಿಯಿಂದ ಕಳೆದು, ನಡುವಿನ ಸೆಕೆಂಡುಗಳಿಂದ ಭಾಗಿಸಿದರೆ ವೇಗ ಸಿಗುತ್ತದೆ. ಈ ಅಂಕಿಯನ್ನು ಕೇಳಿ ಪಡೆಯುವ ಭಾಷೆಗೆ ಎಸ್‌ಎನ್‌ಎಂಪಿ ಎಂದು ಹೆಸರು.

ಈಗ ಮೊದಲಿನ ಒಗಟಿಗೆ ಬರೋಣ. ನಿಮ್ಮದು 100 ಎಂಬಿಪಿಎಸ್ ಸಂಪರ್ಕ ಅಂತಿಟ್ಟುಕೊಳ್ಳಿ. ಒಂದು 15 ಸೆಕೆಂಡ್ ಯಾವುದೋ ಫೋನ್ ತನ್ನ ಫೋಟೊಗಳನ್ನೆಲ್ಲ ಬ್ಯಾಕಪ್‌ಗೆ ತಳ್ಳಿ, ಲೈನನ್ನು ಪೂರ್ತಿ ತುಂಬಿಸಿತು. ಉಳಿದ 285 ಸೆಕೆಂಡ್ ಲೈನ್ ಬಹುತೇಕ ಖಾಲಿ. 5 ನಿಮಿಷ ಅಂದರೆ 300 ಸೆಕೆಂಡ್. 15ನ್ನು 100ರಿಂದ ಗುಣಿಸಿ 300ರಿಂದ ಭಾಗಿಸಿ. ಬರುವುದು 5. ಗ್ರಾಫ್‌ನಲ್ಲಿ ಮೂಡುವ ಚುಕ್ಕಿ 5 ಎಂಬಿಪಿಎಸ್‌ನದ್ದು. ನೋಡಿದವರಿಗೆ ರಸ್ತೆಯಲ್ಲಿ ನೂರಕ್ಕೆ ತೊಂಬತ್ತೈದು ಪಾಲು ಖಾಲಿ! ನಿಮ್ಮ ಕಾಲ್ ಕಡಿದದ್ದು ಆ 15 ಸೆಕೆಂಡಿನಲ್ಲಿ.

ಅದೇ ಅಂಕಿಯನ್ನು ಸೆಕೆಂಡಿಗೊಮ್ಮೆ ಕೇಳಿ ಗ್ರಾಫ್ ಬರೆದಿದ್ದರೆ ಅಲ್ಲೊಂದು ಗೋಡೆ ಎದ್ದು ನಿಲ್ಲುತ್ತಿತ್ತು. ಹಾಗೆ ಯಾಕೆ ಎಲ್ಲರೂ ಮಾಡುವುದಿಲ್ಲ? ಸಾವಿರಾರು ಸಂಪರ್ಕಗಳಿರುವ ಕಡೆ ಪ್ರತಿಯೊಂದನ್ನೂ ಸೆಕೆಂಡಿಗೊಮ್ಮೆ ಕೇಳಿ ವರ್ಷಗಟ್ಟಲೆ ಇಟ್ಟುಕೊಳ್ಳುವುದಕ್ಕೆ ಜಾಗವೂ ಬೇಕು, ಕೆಲಸವೂ ಜಾಸ್ತಿ. ಆರ್‌ಆರ್‌ಡಿಟೂಲ್‌ನಂಥವು ಇದಕ್ಕೇ ಹಳೆಯ ಅಂಕಿಗಳನ್ನು ಇನ್ನೂ ದೊಡ್ಡ ಸರಾಸರಿಗಳಾಗಿ ಕುಗ್ಗಿಸುತ್ತಾ ಹೋಗುತ್ತವೆ. ಹೋದ ವರ್ಷದ ಗ್ರಾಫ್‌ನಲ್ಲಿ ಒಂದು ಇಡೀ ದಿನವೇ ಒಂದು ಚುಕ್ಕಿಯಾಗಿರಬಹುದು. ಮೂಲ ಅಂಕಿ ಆಗಲೇ ಅಳಿಸಿಹೋಗಿರುತ್ತದೆ, ಎಷ್ಟು ಝೂಮ್ ಮಾಡಿದರೂ ಮರಳಿ ಬರುವುದಿಲ್ಲ.

## ನಡುವಿನ ನೋಟ: ಯಾರು ಯಾರ ಜೊತೆ?

ಲೈನ್ ತುಂಬಿತು ಅನ್ನುವುದು ಗೊತ್ತಾಯಿತು. ತುಂಬಿಸಿದ್ದು ಯಾರು? ಗುಡ್ಡದ ಮೇಲಿಂದ ಇದು ಕಾಣುವುದಿಲ್ಲ. ಚೆಕ್‌ಪೋಸ್ಟ್‌ಗೆ ಇಳಿಯಬೇಕು.

ಇಲ್ಲಿ ಬೇಕಾಗುವ ಪದ ಫ್ಲೋ. ಎರಡು ಯಂತ್ರಗಳ ನಡುವೆ ಒಂದೇ ಕೆಲಸಕ್ಕಾಗಿ ಹರಿಯುವ ಪ್ಯಾಕೆಟ್‌ಗಳ ಸಾಲಿಗೆ ಫ್ಲೋ ಅನ್ನುತ್ತಾರೆ. ಯಾವ ವಿಳಾಸದಿಂದ, ಯಾವ ವಿಳಾಸಕ್ಕೆ, ಎರಡೂ ಕಡೆಯ ಪೋರ್ಟ್, ಮತ್ತು ಮಾತಿನ ನಿಯಮ ಅಂದರೆ ಪ್ರೋಟೋಕಾಲ್. ಈ ಐದೂ ಒಂದೇ ಆಗಿರುವ ಪ್ಯಾಕೆಟ್‌ಗಳನ್ನು ಒಟ್ಟು ಸೇರಿಸಿ, ಯಾವಾಗ ಶುರುವಾಯಿತು, ಯಾವಾಗ ಮುಗಿಯಿತು, ಎಷ್ಟು ಬೈಟ್ ಹೋಯಿತು ಅಂತ ರೂಟರ್ ಒಂದು ಸಾಲು ಬರೆದಿಡುತ್ತದೆ. ಫೋನ್ ಬಿಲ್ ಹಾಗೆ. ಯಾರು ಯಾರಿಗೆ ಎಷ್ಟು ಹೊತ್ತು ಮಾಡಿದರು ಅಂತ ಇರುತ್ತದೆ, ಏನು ಮಾತಾಡಿದರು ಅಂತ ಇರುವುದಿಲ್ಲ. ಸಿಸ್ಕೊ ಕಂಪನಿ 1990ರ ದಶಕದಲ್ಲಿ ತಂದ ನೆಟ್‌ಫ್ಲೋ ಇಂಥ ದಾಖಲೆಗೆ ದಾರಿ ಮಾಡಿತು. ಎಲ್ಲ ಕಂಪನಿಗಳಿಗೂ ಸಲ್ಲುವ ಸಾಮಾನ್ಯ ರೂಪ ಆಮೇಲೆ ಐಪಿಫಿಕ್ಸ್ ಎಂಬ ಹೆಸರಿನಲ್ಲಿ ಬಂತು. ಲೂಕಾ ಡೇರಿ 1998ರಲ್ಲಿ ಶುರು ಮಾಡಿದ ಎನ್‌ಟಾಪ್, ಈಗಿನ ಎನ್‌ಟಾಪ್‌ಎನ್‌ಜಿ, ಇಂಥ ಮಾಹಿತಿಯನ್ನು ಬ್ರೌಸರ್‌ನಲ್ಲೇ ಚಿತ್ರವಾಗಿ ತೋರಿಸುತ್ತದೆ.

ಫ್ಲೋಗಳನ್ನು ತೋರಿಸಲು ಮೊದಲು ಎಲ್ಲರಿಗೂ ಹೊಳೆಯುವುದು ಜಾಲದ ಚಿತ್ರ. ಒಂದೊಂದು ಯಂತ್ರ ಒಂದೊಂದು ಚುಕ್ಕಿ, ಮಾತಾಡಿದವರ ನಡುವೆ ಗೆರೆ. ಈಥರ್‌ಏಪ್ ಎಂಬ ಸಾಫ್ಟ್‌ವೇರ್ ಹೀಗೇ ಮಾಡುತ್ತದೆ. ಟ್ರಾಫಿಕ್ ಹೆಚ್ಚಿದಂತೆ ಚುಕ್ಕಿ ದೊಡ್ಡದಾಗುತ್ತದೆ, ಗೆರೆ ದಪ್ಪವಾಗುತ್ತದೆ, ಪ್ರೋಟೋಕಾಲ್‌ಗೆ ತಕ್ಕಂತೆ ಬಣ್ಣ ಬದಲಾಗುತ್ತದೆ. ಹತ್ತಿಪ್ಪತ್ತು ಯಂತ್ರಗಳಿದ್ದರೆ ನೋಡಲು ಬಹಳ ಸೊಗಸು. ಆದರೆ 200 ಯಂತ್ರ ಆದರೆ ನೋಡಿ, ಅವುಗಳ ನಡುವೆ 19,900 ಜೋಡಿಗಳು ಸಾಧ್ಯ. ತೆರೆಯ ಮೇಲೆ ಸಿಕ್ಕುಬಿದ್ದ ಕೂದಲಿನ ಉಂಡೆ ಕಾಣುತ್ತದೆ, ಅಷ್ಟೇ. ಅಂಥ ಚಿತ್ರ ಗೋಡೆಗೆ ಹಾಕಲು ಚೆನ್ನ, ಕೆಲಸಕ್ಕೆ ಬರುವುದಿಲ್ಲ.

ಆಗ ಚೌಕಗಳ ಕೋಷ್ಟಕ ಒಳ್ಳೆಯದು. ಅಡ್ಡ ಸಾಲಿನಲ್ಲಿ ಕಳಿಸಿದವರು, ಕಂಬ ಸಾಲಿನಲ್ಲಿ ಪಡೆದವರು, ಸೇರುವ ಚೌಕದ ಬಣ್ಣ ಗಾಢವಾದಷ್ಟೂ ಟ್ರಾಫಿಕ್ ಜಾಸ್ತಿ. ಎಷ್ಟೇ ಯಂತ್ರಗಳಿದ್ದರೂ ಗೆರೆ ಗೆರೆಗೆ ಸಿಕ್ಕುವುದಿಲ್ಲ. ಕೋಷ್ಟಕದಲ್ಲಿ ಒಂದೇ ಅಡ್ಡ ಸಾಲು ಉದ್ದಕ್ಕೂ ತೆಳುವಾಗಿ ಬಣ್ಣ ತಳೆದಿದ್ದರೆ, ಒಂದು ಯಂತ್ರ ಎಲ್ಲರ ಬಾಗಿಲನ್ನೂ ಸ್ವಲ್ಪ ಸ್ವಲ್ಪ ತಟ್ಟುತ್ತಿದೆ ಅಂತ ಅರ್ಥ. ಯಾರ ಬಾಗಿಲು ತೆರೆದಿದೆ ಎಂದು ಹುಡುಕುವವರ ಗುರುತು ಹೀಗಿರುತ್ತದೆ. ಒಂದೇ ಕಂಬ ಪೂರ್ತಿ ಗಾಢವಾಗಿದ್ದರೆ ಎಲ್ಲರೂ ಒಬ್ಬರ ಮೇಲೆ ಬಿದ್ದಿದ್ದಾರೆ. ಅದು ಎಲ್ಲರೂ ಬಳಸುವ ಸರ್ವರ್ ಇರಬಹುದು, ದಾಳಿಯೂ ಇರಬಹುದು. ಚಿತ್ರ ಅಷ್ಟನ್ನು ಮಾತ್ರ ಹೇಳುತ್ತದೆ. ಯಾವುದು ಅಂತ ತೀರ್ಮಾನಿಸಲು ಆ ಯಂತ್ರದ ಕೆಲಸ ಏನು ಅಂತ ಗೊತ್ತಿರಬೇಕು.

ದೂರದ ನೋಟ, ನಡುವಿನ ನೋಟ ಎರಡೂ ಯಾಕೆ ಬೇಕು ಅನ್ನುವುದಕ್ಕೆ 2003ರ ಜನವರಿ 25 ಒಳ್ಳೆಯ ಪಾಠ. ಅಂದು ಸ್ಲ್ಯಾಮರ್ ಎಂಬ ಕಂಪ್ಯೂಟರ್ ಹುಳು, ಅಂದರೆ ಯಂತ್ರದಿಂದ ಯಂತ್ರಕ್ಕೆ ತಾನಾಗಿಯೇ ದಾಟುವ ಕೆಟ್ಟ ಪ್ರೋಗ್ರಾಂ, ಹರಡಿತು. ಅದು ಇಡೀ 404 ಬೈಟ್‌ನ ಒಂದೇ ಪ್ಯಾಕೆಟ್. ಹೋಗುತ್ತಿದ್ದದ್ದು 1434ನೇ ಪೋರ್ಟ್‌ಗೆ. ಶುರುವಿನಲ್ಲಿ 8.5 ಸೆಕೆಂಡಿಗೊಮ್ಮೆ ಸೋಂಕು ತಗುಲಿದ ಯಂತ್ರಗಳ ಸಂಖ್ಯೆ ದುಪ್ಪಟ್ಟಾಗುತ್ತಿತ್ತು. ಸಿಕ್ಕಿಬೀಳಬಹುದಾಗಿದ್ದ ಯಂತ್ರಗಳಲ್ಲಿ ಶೇ 90ಕ್ಕಿಂತ ಹೆಚ್ಚು 10 ನಿಮಿಷದೊಳಗೆ ಸಿಕ್ಕಿಬಿದ್ದವು. 5 ನಿಮಿಷಕ್ಕೊಂದು ಚುಕ್ಕಿ ಇಡುವ ಗ್ರಾಫ್‌ನಲ್ಲಿ ಹತ್ತು ನಿಮಿಷ ಅಂದರೆ ಎರಡೇ ಚುಕ್ಕಿ. ಏನೋ ಏರಿದೆ ಅನ್ನುವುದನ್ನು ಆ ಚುಕ್ಕಿ ಹೇಳಬಲ್ಲದು. ಏರಿದ್ದೆಲ್ಲ 1434ನೇ ಪೋರ್ಟ್‌ಗೇ ಹೋಗುತ್ತಿದೆ ಎಂದು ಹೇಳಲು ಫ್ಲೋ ದಾಖಲೆ ಬೇಕು. ಆ ಒಂದು ಪೋರ್ಟ್ ಮುಚ್ಚಿದರೆ ಹರಡುವುದು ನಿಲ್ಲುತ್ತದೆ ಎಂದು ಆಗ ತಾನೇ ತಿಳಿಯುವುದು.

## ಹತ್ತಿರದ ನೋಟ: ಪ್ಯಾಕೆಟ್ ಬಿಡಿಸಿ ನೋಡುವುದು

ಮೂರನೆಯದು ಗಾಡಿ ನಿಲ್ಲಿಸಿ ನೋಡುವ ಕೆಲಸ. 1988ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಹುಟ್ಟಿದ ಟಿಸಿಪಿಡಂಪ್ ಇದಕ್ಕೆ ಇವತ್ತಿಗೂ ಬಳಕೆಯಲ್ಲಿದೆ. ಅದು ಬರೀ ಅಕ್ಷರಗಳಲ್ಲಿ ತೋರಿಸುತ್ತದೆ. ಜೆರಾಲ್ಡ್ ಕೂಂಬ್ಸ್ 1998ರಲ್ಲಿ ಈಥೀರಿಯಲ್ ಎಂಬ ಹೆಸರಿನಲ್ಲಿ ಹೊರತಂದ ಸಾಫ್ಟ್‌ವೇರ್ 2006ರಲ್ಲಿ ವೈರ್‌ಶಾರ್ಕ್ ಆಯಿತು. ಇದು ಉಚಿತ, ಯಾರು ಬೇಕಾದರೂ ಬಳಸಬಹುದು.

ವೈರ್‌ಶಾರ್ಕ್ ತೆರೆದರೆ ಮೊದಲು ಗಾಬರಿಯಾಗುತ್ತದೆ. ಬಣ್ಣ ಬಣ್ಣದ ಸಾಲುಗಳು ಓಡುತ್ತಲೇ ಇರುತ್ತವೆ. ಬಣ್ಣಕ್ಕೆ ಅರ್ಥವಿದೆ. ಎಲ್ಲವನ್ನೂ ಬಾಯಿಪಾಠ ಮಾಡಬೇಕಾಗಿಲ್ಲ. ಕಪ್ಪು ಹಿನ್ನೆಲೆಯಲ್ಲಿ ಕೆಂಪಗಿನ ಅಕ್ಷರ ಬಂದರೆ ಅಲ್ಲಿ ಕಣ್ಣು ನಿಲ್ಲಿಸಿ. ಪ್ಯಾಕೆಟ್ ಕಳೆದುಹೋಗಿದೆ, ಮತ್ತೆ ಕಳಿಸಿದ್ದಾರೆ ಅನ್ನುವಂಥ ಎಡವಟ್ಟುಗಳನ್ನು ಅದು ತೋರಿಸುತ್ತದೆ.

ಒಂದು ವೆಬ್‌ಸೈಟ್ ತೆರೆಯಲು ಎರಡು ಸೆಕೆಂಡ್‌ಗಿಂತ ಹೆಚ್ಚು ಹಿಡಿಯುತ್ತಿದೆ ಅಂತಿಟ್ಟುಕೊಳ್ಳಿ. ಸಮಯದ ಕಾಲಂ ಮೇಲೆ ಬೆರಳಿಟ್ಟು ಕೆಳಗಿಳಿಯಿರಿ. ಸೊನ್ನೆಯಲ್ಲಿ ನಿಮ್ಮ ಯಂತ್ರ ಡಿಎನ್‌ಎಸ್‌ಗೆ "ಈ ಹೆಸರಿನ ವಿಳಾಸ ಏನು?" ಎಂದು ಕೇಳಿದೆ. ಉತ್ತರ ಬಂದದ್ದು 2.10 ಸೆಕೆಂಡಿಗೆ. ಅದಾದ ತಕ್ಷಣ ನಿಮ್ಮ ಯಂತ್ರ ಆ ವಿಳಾಸಕ್ಕೆ ಸಿನ್ ಎಂಬ ಪ್ಯಾಕೆಟ್ ಕಳಿಸಿದೆ. ಅಂದರೆ "ಮಾತಾಡೋಣವೇ?" 2.14ಕ್ಕೆ ಅತ್ತಲಿಂದ ಸಿನ್-ಆಕ್, "ಆಗಲಿ, ಮಾತಾಡೋಣ". ಕೂಡಲೇ ಇತ್ತಲಿಂದ ಆಕ್, "ಸರಿ". ಮಾತು ಶುರುವಾಯಿತು.

ಈ ಐದು ಸಾಲು ಸಾಕು. ವೆಬ್‌ಸೈಟ್ 40 ಮಿಲಿಸೆಕೆಂಡಿನಲ್ಲಿ ಉತ್ತರ ಕೊಟ್ಟಿದೆ, ಅದು ಚುರುಕಾಗೇ ಇದೆ. ತಡವಾದದ್ದು ವಿಳಾಸ ಹುಡುಕುವ ಜಾಗದಲ್ಲಿ. ಇಂಟರ್‌ನೆಟ್ ಪ್ಲಾನ್ ಬದಲಿಸಿ ಎಷ್ಟು ವೇಗ ಏರಿಸಿಕೊಂಡರೂ ಈ ಎರಡು ಸೆಕೆಂಡ್ ಕಡಿಮೆಯಾಗದು. ಡಿಎನ್‌ಎಸ್ ಸರ್ವರ್ ಬದಲಿಸಿದರೆ ಆಗಬಹುದು.

ವೈರ್‌ಶಾರ್ಕ್ ಒಳಗೇ ಗ್ರಾಫ್‌ಗಳೂ ಇವೆ. ಐಒ ಗ್ರಾಫ್‌ನಲ್ಲಿ ಒಂದು ಚುಕ್ಕಿಗೆ ಎಷ್ಟು ಕಾಲ ಅನ್ನುವುದನ್ನು ನೀವೇ ಬದಲಿಸಬಹುದು. ಮೊದಲು ಒಂದು ನಿಮಿಷ, ಆಮೇಲೆ ಒಂದು ಸೆಕೆಂಡ್, ಆಮೇಲೆ ಸೆಕೆಂಡಿನ ಹತ್ತನೇ ಒಂದು ಭಾಗ ಅಂತ ಇಟ್ಟು ನೋಡಿ. ಅದೇ ಡೇಟಾ, ಆದರೆ ಮೆತ್ತಗಿದ್ದ ಗುಡ್ಡ ನೋಡನೋಡುತ್ತಲೇ ಚೂಪು ಚೂಪು ಮೊಳೆಗಳಾಗುತ್ತದೆ. ಸರಾಸರಿ ಏನನ್ನು ಮುಚ್ಚಿಡುತ್ತದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪ್ರಯೋಗ ನನಗೆ ಗೊತ್ತಿಲ್ಲ.

## ಏನು ಕಾಣುತ್ತದೆ, ಏನು ಕಾಣುವುದಿಲ್ಲ

ಇವತ್ತು ಹೆಚ್ಚಿನ ವೆಬ್ ಟ್ರಾಫಿಕ್ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಲಕೋಟೆಯ ಒಳಗಿನ ಪತ್ರ ಗೂಢಲಿಪಿಯಲ್ಲಿ ಇರುತ್ತದೆ. ವೈರ್‌ಶಾರ್ಕ್ ಹಾಕಿಕೊಂಡ ಮಾತ್ರಕ್ಕೆ ಯಾರದೋ ಪಾಸ್‌ವರ್ಡ್ ಓದಲು ಆಗುವುದಿಲ್ಲ. ಆದರೆ ಲಕೋಟೆ ಕಾಣುತ್ತದೆ. ಯಾವ ವಿಳಾಸಕ್ಕೆ, ಎಷ್ಟು ಹೊತ್ತಿಗೆ, ಎಷ್ಟು ದೊಡ್ಡದು ಹೋಯಿತು ಅನ್ನುವುದು ಕಾಣುತ್ತದೆ. ರಾತ್ರಿಯೆಲ್ಲ ಸುಮ್ನೆ ಇರಬೇಕಾದ ಕ್ಯಾಮೆರಾ ಗಂಟೆಗೊಮ್ಮೆ ಎಲ್ಲಿಗೋ ದೊಡ್ಡ ಕಂತೆ ಕಳಿಸುತ್ತಿದ್ದರೆ, ಒಳಗೆ ಏನಿದೆ ಅಂತ ಗೊತ್ತಾಗದಿದ್ದರೂ ಕೇಳಬೇಕಾದ ಪ್ರಶ್ನೆ ಏನು ಅಂತ ಗೊತ್ತಾಗುತ್ತದೆ.

ಎಲ್ಲಿ ನಿಂತು ನೋಡುತ್ತೀರಿ ಅನ್ನುವುದೂ ಮುಖ್ಯ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ವೈರ್‌ಶಾರ್ಕ್ ಓಡಿಸಿದರೆ ಕಾಣುವುದು ಹೆಚ್ಚಾಗಿ ಆ ಲ್ಯಾಪ್‌ಟಾಪ್‌ನ ಟ್ರಾಫಿಕ್ ಮಾತ್ರ. ಸ್ವಿಚ್ ಅನ್ನುವ ಪೆಟ್ಟಿಗೆ ಯಾರ ಪ್ಯಾಕೆಟನ್ನು ಅವರಿಗೇ ಕೊಡುತ್ತದೆ, ಪಕ್ಕದವರಿಗೆ ತೋರಿಸುವುದಿಲ್ಲ. ಎಲ್ಲರದ್ದೂ ಬೇಕಾದರೆ ರೂಟರ್‌ನಲ್ಲೇ ನೋಡಬೇಕು, ಇಲ್ಲವೇ ಒಂದು ಪ್ರತಿಯನ್ನು ಇತ್ತ ಕಳಿಸು ಎಂದು ಸ್ವಿಚ್‌ಗೆ ಹೇಳಬೇಕು. ಇದಕ್ಕೆ ಪೋರ್ಟ್ ಮಿರರಿಂಗ್ ಅನ್ನುತ್ತಾರೆ. ನಿಮ್ಮದಲ್ಲದ ನೆಟ್‌ವರ್ಕ್‌ನಲ್ಲಿ ಅನುಮತಿ ಇಲ್ಲದೆ ಇದನ್ನು ಮಾಡಲೇಬೇಡಿ. ಬಹಳ ದೇಶಗಳಲ್ಲಿ ಅದು ಅಪರಾಧ.

## ಗ್ರಾಫ್ ಓದುವಾಗ ಎಡವುವ ಜಾಗಗಳು

ಮೊದಲನೆಯದು ಬಿಟ್ ಮತ್ತು ಬೈಟ್. ಸಂಪರ್ಕದ ವೇಗವನ್ನು ಬಿಟ್‌ನಲ್ಲಿ ಹೇಳುತ್ತಾರೆ, ಫೈಲ್ ಗಾತ್ರವನ್ನು ಬೈಟ್‌ನಲ್ಲಿ. 8 ಬಿಟ್ ಸೇರಿ ಒಂದು ಬೈಟ್. 100 ಎಂಬಿಪಿಎಸ್ ಲೈನ್‌ನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 12.5 ಎಂಬಿ ಇಳಿಯುತ್ತದೆ. 12 ಎಂಬಿ ವೇಗ ಕಂಡು ಮೋಸವಾಯಿತು ಎಂದುಕೊಳ್ಳುವವರು ಬಹಳ ಮಂದಿ.

ಇನ್ನೊಂದು, ಎಡಬದಿಯ ಅಳತೆಗೆರೆ. ಹಲವು ಸಾಫ್ಟ್‌ವೇರ್‌ಗಳು ಆ ಹೊತ್ತಿನ ಅತಿ ಹೆಚ್ಚು ಅಂಕಿಗೆ ತಕ್ಕಂತೆ ಗೆರೆಯನ್ನು ತಾವೇ ಹಿಗ್ಗಿಸಿ ಕುಗ್ಗಿಸುತ್ತವೆ. ಖಾಲಿ ಲೈನ್‌ನಲ್ಲಿ ಪುಟ್ಟ ಅಲೆಯೊಂದು ಪರ್ವತದಂತೆ ಕಾಣಬಹುದು. ಬೆಟ್ಟ ಕಂಡ ಕೂಡಲೇ ಹೆದರುವ ಮೊದಲು ಪಕ್ಕದ ಅಂಕಿ ಓದಿ.

ಗ್ರಾಫ್ ಒಮ್ಮೆಲೇ ಸೊನ್ನೆಗೆ ಇಳಿದರೆ ಎರಡು ಕಾರಣ ಇರಬಹುದು. ಟ್ರಾಫಿಕ್ ನಿಂತಿರಬಹುದು, ಇಲ್ಲವೇ ಅಳೆಯುವ ಸಾಫ್ಟ್‌ವೇರ್‌ಗೆ ಉತ್ತರ ಸಿಗದೇ ಇರಬಹುದು. ಒಳ್ಳೆಯ ಸಾಫ್ಟ್‌ವೇರ್ ಎರಡನೆಯದನ್ನು ಸೊನ್ನೆ ಎಂದು ಬರೆಯದೆ ಗೆರೆಯನ್ನೇ ಕಡಿದು ತೋರಿಸುತ್ತದೆ. ಅಳೆಯಲಾಗಲಿಲ್ಲ ಅನ್ನುವುದೂ ಒಂದು ಮಾಹಿತಿ, ಅಲ್ವಾ?

ಹಳೆಯ ಎಣಿಕೆ ಮೀಟರ್‌ಗಳದ್ದೂ ಒಂದು ತಕರಾರಿದೆ. 32 ಬಿಟ್‌ನ ಎಣಿಕೆ ಸುಮಾರು 429 ಕೋಟಿ ಬೈಟ್ ಆದ ಮೇಲೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. 1 ಜಿಬಿಪಿಎಸ್ ಲೈನ್ ತುಂಬಿ ಹರಿದರೆ ಇದಕ್ಕೆ 34 ಸೆಕೆಂಡ್ ಸಾಕು. 5 ನಿಮಿಷಕ್ಕೊಮ್ಮೆ ಕೇಳುವವರಿಗೆ ನಡುವೆ ಅದು ಎಷ್ಟು ಸಲ ಸುತ್ತಿ ಬಂತು ಅಂತಲೇ ತಿಳಿಯದು, ಗ್ರಾಫ್ ತಪ್ಪು ಹೇಳುತ್ತದೆ. ವೇಗದ ಲೈನ್‌ಗಳಲ್ಲಿ 64 ಬಿಟ್ ಎಣಿಕೆ ಬಳಸುವುದು ಇದಕ್ಕೇ.

## ಎಲ್ಲಿಂದ ಶುರು ಮಾಡಬಹುದು?

ಹೊಸದೇನನ್ನೂ ಹಾಕಿಕೊಳ್ಳದೆ ಶುರು ಮಾಡಬಹುದು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಯಾವ ಆ್ಯಪ್ ಎಷ್ಟು ಡೇಟಾ ಬಳಸಿತು ಎಂಬ ಪಟ್ಟಿ ಇರುತ್ತದೆ. ವಿಂಡೋಸ್‌ನಲ್ಲಿ ರಿಸೋರ್ಸ್ ಮಾನಿಟರ್, ಮ್ಯಾಕ್‌ನಲ್ಲಿ ಆ್ಯಕ್ಟಿವಿಟಿ ಮಾನಿಟರ್ ತೆರೆದು ನೆಟ್‌ವರ್ಕ್ ಎಂಬ ಭಾಗ ನೋಡಿ. ಲಿನಕ್ಸ್‌ನಲ್ಲಿ ನೆಟ್‌ಹಾಗ್ಸ್ ಯಾವ ಪ್ರೋಗ್ರಾಂ ಎಷ್ಟು ಎಳೆಯುತ್ತಿದೆ ಅಂತ ತೋರಿಸಿದರೆ, ಐಎಫ್‌ಟಾಪ್ ಯಾವ ವಿಳಾಸದ ಜೊತೆ ಎಷ್ಟು ಅಂತ ತೋರಿಸುತ್ತದೆ. ಕಾಲ್ ಕಡಿದ ಗಳಿಗೆಯಲ್ಲೇ ಇವನ್ನು ತೆರೆದರೆ ಆ ಬ್ಯಾಕಪ್ ನಿಮ್ಮದೇ ಕಂಪ್ಯೂಟರಿನದ್ದಾಗಿದ್ದಲ್ಲಿ ಅಲ್ಲೇ ಸಿಕ್ಕಿಬೀಳುತ್ತದೆ. ಬೇರೆ ಯಂತ್ರದ್ದಾದರೆ ರೂಟರ್‌ನ ಪುಟಕ್ಕೆ ಹೋಗಬೇಕು. ಕೆಲವು ರೂಟರ್‌ಗಳು ಯಂತ್ರವಾರು ಲೆಕ್ಕ ತೋರಿಸುತ್ತವೆ.

ವೈರ್‌ಶಾರ್ಕ್‌ಗೆ ಕೈ ಹಾಕುವುದಾದರೆ ಎಲ್ಲ ಚೆನ್ನಾಗಿರುವ ದಿನವೇ ಹಾಕಿ. ಐದು ನಿಮಿಷ ಎಂದಿನಂತೆ ಕೆಲಸ ಮಾಡುತ್ತಾ ಟ್ರಾಫಿಕ್ ಹಿಡಿದು, ಫೈಲ್‌ಗೆ ಆ ದಿನದ ತಾರೀಖಿನ ಹೆಸರು ಕೊಟ್ಟು ಇಟ್ಟುಕೊಳ್ಳಿ. ಡಿಎನ್‌ಎಸ್ ಉತ್ತರಕ್ಕೆ ಎಷ್ಟು ಹೊತ್ತು ಹಿಡಿಯಿತು, ಕಪ್ಪು ಸಾಲು ಎಷ್ಟು ಬಂದವು ಅಂತ ಒಂದು ಚೀಟಿಯಲ್ಲಿ ಬರೆದಿಡಿ. ಆರೋಗ್ಯವಾಗಿರುವ ನೆಟ್‌ವರ್ಕ್‌ನಲ್ಲೂ ಒಂದಷ್ಟು ಕಪ್ಪು ಸಾಲು ಇದ್ದೇ ಇರುತ್ತದೆ. ಮುಂದೆ ಕಾಲ್ ಕಡಿದ ದಿನ ಪಕ್ಕದಲ್ಲಿಟ್ಟು ಹೋಲಿಸಲು ಆ ಫೈಲ್ ಬೇಕಾಗುತ್ತದೆ.